ಉಬಾಳ ಬಿಳಿ ಬಟ್ಟೆ

ಮೇಲಿನ ಮನೆಯ ಉಬಾಳ ಗಂಡ ಸಮುದ್ರದಲ್ಲಿ ಮುಳುಗಿ ಸತ್ತ ಸುದ್ದಿ ಬಂದದ್ದು ಆಷಾಢ ಹುಣ್ಣಿಮೆಯ ದಿನ. ಸಿಂಹಾಚಲಂ ಬೆಟ್ಟದ ಗಿರಿ ಪ್ರದಕ್ಷಿಣೆಗೆಂದು ಊರಿಗೆ ಊರೇ ಬರಿಗಾಲಲ್ಲಿ ನಡೆಯುತ್ತಿತ್ತು. ಅರ್ಧಕ್ಕರ್ಧ ರಸ್ತೆ ಮುಚ್ಚಿದ್ದರು, ಹಾಲಿನವನು ಬಂದಿರಲಿಲ್ಲ. ಅವನನ್ನು ಬೈದುಕೊಳ್ಳುತ್ತ ಗೇಟಿನ ಹತ್ತಿರ ನಿಂತಿದ್ದಾಗ ಮೇಲಿನಿಂದ ಒಂದು ಸದ್ದು ಬಂತು. ಕಿರುಚಾಟವಲ್ಲ, ಏನೋ ಭಾರದ್ದನ್ನು ನೆಲಕ್ಕೆ ಇಳಿಸಿದ ಹಾಗೆ. ಹತ್ತಿ ಹೋದೆ. ಉಬಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿದ್ದ ಫೋನಿನ ವಾಯ್ಸ್ ಮೆಸೇಜಿನಲ್ಲಿ ಯಾರೋ ಹುಡುಗ ಅವರ ಭಾಷೆಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ. ಹಿಂದಿನ ರಾತ್ರಿ ಮುಳುಗಿದ ದೋಣಿಯಲ್ಲಿ ಬದುಕಿ ಉಳಿದವನಂತೆ. ಅವನ ಮಾತು ಮುಗಿದಾಗ ಅವಳು ಮತ್ತೆ ಒತ್ತಿದಳು. ಅವನು ಮತ್ತೆ ಮೊದಲಿನಿಂದ ಹೇಳಿದ.

ನಾನು ಪಕ್ಕದಲ್ಲಿ ಕೂತೆ. ಏನೂ ಅನ್ನಿಸಲಿಲ್ಲ. ನನ್ನ ಗಂಡ ಹೋಗಿ ಆಗ ಒಂದೂವರೆ ವರ್ಷವಾಗಿತ್ತು, ಆ ಒಂದೂವರೆ ವರ್ಷದಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಾಫಿ ಬಿಸಿಯಿದೆಯೋ ಆರಿದೆಯೋ ನಾಲಗೆಗೆ ತಿಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದರೂ ಊಟ ಮುಗಿಯುತ್ತಿತ್ತು. ಟಿವಿಯಲ್ಲಿ ಯಾರೋ ಯಾರಿಗೋ ಹೊಡೆಯುತ್ತಿದ್ದರು, ಯಾರೋ ಅಳುತ್ತಿದ್ದರು, ನಾನು ಹುರುಳಿಕಾಯಿ ಬಿಡಿಸುತ್ತ ಕೂತಿರುತ್ತಿದ್ದೆ. ಕಂಡವರೆಲ್ಲ ಹೈಮಾವತಿ ಎಷ್ಟು ಗಟ್ಟಿ ಹೆಂಗಸು ಎಂದು ಹೊಗಳುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ.

ನಾನು ತಿಪಟೂರಿನ ಕಡೆಯವಳು. ಮದುವೆಯಾಗಿ ವೈಜಾಗಿಗೆ ಬಂದವಳು ಇಲ್ಲೇ ಉಳಿದೆ. ನಮ್ಮವರು ಚಂದ್ರಕಾಂತ, ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ರಿಟೈರ್ ಆಗುವ ಮುಂಚೆ ಕೂರ್ಮನ್ನಪಾಲೆಂನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಿದರು. ಮೇಲಿನದನ್ನು ಕೇಳಿಕೊಂಡು ಬಂದವರು ಸೊಮಾಲಿಯಾದ ಗಂಡಹೆಂಡಿರು, ಗುಲೇದ್ ಮತ್ತು ಉಬಾ. ಗುಲೇದ್ ಇಲ್ಲಿ ಯೂನಿವರ್ಸಿಟಿಗೆ ಓದಲು ಬಂದವನು. ಓದುತ್ತಿರುವಾಗಲೇ ಅವನ ಊರಿನಲ್ಲಿ ಬಂದೂಕಿನವರು ಅವನ ಅಣ್ಣನನ್ನು ಕೊಂದು, ನೀನು ಬಂದರೆ ನಿನಗೂ ಇದೇ ಎಂದು ಹೇಳಿಕಳಿಸಿದರು. ಹಾಗೆ ಅವನು ನಿರಾಶ್ರಿತನಾದ. ಅವಳು ಯೆಮೆನ್ ದಾಟಿ ಅವನನ್ನು ಬಂದು ಸೇರಿದಳು. ಇಬ್ಬರ ಹತ್ತಿರವೂ ವಿಶ್ವಸಂಸ್ಥೆಯವರು ಕೊಟ್ಟ ಒಂದೊಂದು ಕಾರ್ಡಿತ್ತು. ಅದನ್ನು ತೋರಿಸಿದರೆ ಹಿಡಿದು ವಾಪಸು ಕಳಿಸುವುದಿಲ್ಲವಂತೆ. ಕೆಲಸವನ್ನೂ ಯಾರೂ ಕೊಡುತ್ತಿರಲಿಲ್ಲ.

ಮನೆಯ ವಿಷಯವನ್ನಂತೂ ಕೇಳಲೇಬೇಡಿ. ಗಾಜುವಾಕದಿಂದ ನಮ್ಮ ಬೀದಿಯವರೆಗೆ ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ನಿಂತು, ಬೈಸಿಕೊಂಡು ಬಂದಿದ್ದರು. ಎದುರುಮನೆ ಸೀತಾಲಕ್ಷ್ಮಿ ತನ್ನ ಕಿಟಕಿಯಿಂದಲೇ ಬೇಡ ಬೇಡವೆಂದು ನಮಗೆ ಕೈಯಾಡಿಸಿದಳು. ನಮ್ಮವರು ನಕ್ಕರು.

"ನಾವು ಬಂದ ಹೊಸದರಲ್ಲಿ ಕನ್ನಡದೋರು ಅಂತ ನಮಗೂ ಮೂತಿ ತಿರುವಿದ್ರಲ್ಲೇ, ಮರೆತುಬಿಟ್ಯಾ? ಕೀ ಕೊಡು ಅವರಿಗೆ."

ಹಾಗೆ ಬಂದಳು ಉಬಾ. ತರಕಾರಿಯವಳ ಹತ್ತಿರ ಚೌಕಾಸಿ ಮಾಡುತ್ತ ಮಾಡುತ್ತಲೇ ತೆಲುಗು ಕಲಿತಳು. ನಾನೂ ಇಲ್ಲಿ ಹಾಗೇ ಕಲಿತದ್ದು. ನನ್ನನ್ನು 'ಎಡ್ಡೋ' ಎಂದು ಕರೆಯುತ್ತಿದ್ದಳು, ಅವರಲ್ಲಿ ಸೋದರತ್ತೆಗೆ ಹಾಗನ್ನುತ್ತಾರಂತೆ. ನಮ್ಮಿಬ್ಬರ ಮಾತೆಲ್ಲ ತೆಲುಗಿನಲ್ಲೇ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೆ. ನಮ್ಮ ಸೆಟ್ ದೋಸೆಯಂಥದ್ದನ್ನೇ ಅವಳೂ ಹುಯ್ಯುತ್ತಿದ್ದಳು. ಹಿಟ್ಟು ಕಮ್ಮಿಯಾದಾಗ ನನ್ನ ಪಾತ್ರೆ ಮೇಲೆ ಹೋಗುತ್ತಿತ್ತು, ಅವಳದ್ದು ಕೆಳಗೆ ಬರುತ್ತಿತ್ತು. ಯೂನಿವರ್ಸಿಟಿಯ ಆಫ್ರಿಕಾದ ಹುಡುಗರಿಗೆ ಅಡುಗೆ ಮಾಡಿ ಕಳಿಸುತ್ತ ದಿನ ದೂಡಿದಳು. ಗುಲೇದನಿಗೆ ಅದು ಸಾಕಾಗಲಿಲ್ಲ. ಹೆಂಡತಿಯ ಕೈಯಡುಗೆಯಲ್ಲಿ ಬದುಕುವುದು ಅವನಿಗೆ ಅವಮಾನ. ಯುರೋಪಿಗೆ ಹೋಗಿ ಅವಳನ್ನು ಕರೆಸಿಕೊಳ್ಳುತ್ತೇನೆಂದು ಹೊರಟವನು ಹೇಗೋ ಲಿಬಿಯಾದವರೆಗೆ ಹೋಗಿ, ಅಲ್ಲಿಂದ ದೋಣಿ ಹತ್ತಿದ್ದ.

ಸುದ್ದಿ ಬಂದ ಮಾರನೆಯ ಬೆಳಿಗ್ಗೆ ಉಬಾ ಬಿಳಿ ಬಟ್ಟೆಯಲ್ಲಿ ಟೆರೇಸಿಗೆ ಬಂದಳು. ಮಂಚಕ್ಕೆ ಹಾಸುವ ಬಿಳಿ ದುಪ್ಪಟಿಯನ್ನು ಹರಿದು ಹೊಲಿದು, ತಲೆಯಿಂದ ಕಾಲಿನವರೆಗೆ ಹೊದ್ದಿದ್ದಳು. ಮೂವತ್ತೂ ದಾಟದ ಹುಡುಗಿ. ನೋಡಿ ಮೈ ಉರಿಯಬೇಕಿತ್ತು, ಉರಿಯಲಿಲ್ಲ. ಆದರೆ ಹೀಗಾದಾಗ ಏನು ಮಾಡಬೇಕೆಂಬುದು ನನಗೆ ಗೊತ್ತಿತ್ತು. ನನ್ನ ಮಗ ನನಗೆ ಮಾಡಿದ್ದನ್ನೇ ಮಾಡಬೇಕು. ಬೀರು ತೆಗೆದು, ಇನ್ನೂ ಮಡಿಕೆ ಬಿಚ್ಚದ ಹಸಿರು ಮಂಗಳಗಿರಿ ಸೀರೆಯನ್ನು ತೆಗೆದುಕೊಂಡು ಮೇಲೆ ಹೋದೆ.

"ತೆಗಿ ಅದನ್ನ," ಎಂದೆ. "ಅದೆಲ್ಲ ಹಳೇ ಕಾಲದ್ದು. ನಮ್ಮಲ್ಲೂ ಇತ್ತು, ಬಿಟ್ಟಿದ್ದೀವಿ. ವಯಸ್ಸಿನ ಹುಡುಗಿ ನೀನು. ಇಲ್ಲಿ ಯಾರು ಕೇಳೋಕೆ ಬರ್ತಾರೆ? ಇದನ್ನ ಉಟ್ಕೊ."

ಅವಳು ಸೀರೆಯ ಮೇಲೆ ಕೈಯಿಟ್ಟು ಸವರಿ, ಅದನ್ನು ನನ್ನ ಕಡೆಗೇ ಸರಿಸಿದಳು.

"ಇದು ಯಾವಾಗಲೂ ಅಲ್ಲ ಎಡ್ಡೋ. ನಾಲ್ಕು ತಿಂಗಳು, ಹತ್ತು ದಿನ. ಅಲ್ಲಿವರೆಗೆ ಬಿಳಿ. ಸೆಂಟಿಲ್ಲ, ಮದರಂಗಿಯಿಲ್ಲ, ಈ ಮನೆ ಬಿಟ್ಟು ಬೇರೆಲ್ಲೂ ಮಲಗೋ ಹಾಗಿಲ್ಲ. ಆಮೇಲೆ ಹೆಂಗಸರು ಬಂದು ಸ್ನಾನ ಮಾಡಿಸ್ತಾರೆ, ಹೊಸ ಬಟ್ಟೆ ತರ್ತಾರೆ. ಮುಗೀತು."

"ಮುಗೀತು ಅಂದ್ರೆ?"

"ಮುಗೀತು. ಎದ್ದು ಹೋಗಬಹುದು. ಬೇಕಾದ್ರೆ ಮದುವೆನೂ ಆಗಬಹುದು." ಹೊದ್ದ ಬಟ್ಟೆಯ ಅಂಚು ಸರಿಮಾಡಿಕೊಂಡು ಹೇಳಿದಳು, "ಇವತ್ತು ಉಡದೇ ಇದ್ರೆ ಅವತ್ತು ಬಿಚ್ಚೋದು ಏನನ್ನ?"

ನಾನು ಸೀರೆಯ ಮಡಿಕೆ ಸರಿಮಾಡಿದೆ. ಅವಳೇ ಕೇಳಿದಳು, ನೀವು ಎಷ್ಟು ದಿನ ಕೂತಿರಿ ಎಂದು.

"ನಾನು ಕೂರಲಿಲ್ಲ. ಮಗ ಬಿಡಲಿಲ್ಲ."

"ಒಂದು ದಿನವೂ?"

"ಒಂದು ದಿನವೂ ಇಲ್ಲ."

ಅವಳು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ನಿನ್ನೆಯಷ್ಟೇ ಗಂಡನನ್ನು ಕಳೆದುಕೊಂಡವಳು ನನಗೆ ಅಯ್ಯೋ ಪಾಪ ಎನ್ನುವುದೇ? ಸೀರೆ ಎತ್ತಿಕೊಂಡು ದಡದಡ ಇಳಿದು ಬಂದೆ.

ಮಗ ಮಾಡಿದ್ದು ತಪ್ಪೆಂದು ನಾನು ಹೇಳುವವಳಲ್ಲ. ನಮ್ಮಜ್ಜಿಯ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಅವಳ ಮೂಲೆಗೆ ಕೊನೆಯ ತಾರೀಖು ಇರಲಿಲ್ಲ, ಸತ್ತ ಮೇಲೇ ಎದ್ದದ್ದು. ನಮ್ಮವರ ವಿಷಯ ಆದದ್ದು ಹೀಗೆ. ಸಂಕ್ರಾಂತಿಗೆಂದು ವಿಜಯವಾಡಕ್ಕೆ, ಪಟಮಟದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಹಬ್ಬದ ಮಾರನೆಯ ದಿನ ಸೋಫಾದ ಮೇಲೆ ಪೇಪರು ಓದುತ್ತ ಕೂತವರು ಏಳಲಿಲ್ಲ. ನಾನು ಪೇಪರು ಕೆಳಗೆ ಬಿದ್ದದ್ದನ್ನು ನೋಡಿ, ಎತ್ತಿ, ಮಡಿಸಿ ಮೇಜಿನ ಮೇಲಿಟ್ಟೆ. ಆಮೇಲೆ ಅವರನ್ನು ನೋಡಿದೆ.

ವೈಕುಂಠ ಸಮಾರಾಧನೆಯ ದಿನ ತಿಪಟೂರಿನಿಂದ ನಾದಿನಿ ಗಿರಿಜಮ್ಮ, ಅವಳ ಹಿಂದೆ ನಾಲ್ಕಾರು ಹೆಂಗಸರು ಬಂದಿದ್ದರು. ಮಗ ಶ್ರೀವತ್ಸ ನಡುಮನೆಯಲ್ಲಿ ಎಲ್ಲರ ಮಧ್ಯೆ ನಿಂತು, "ಅಮ್ಮನ ಬಳೆ, ಕುಂಕುಮ ಯಾರೂ ಮುಟ್ಟೋ ಹಾಗಿಲ್ಲ. ಅಮ್ಮ ಹೇಗಿದ್ದರೋ ಹಾಗೇ ಇರ್ತಾರೆ," ಎಂದ. ಎಲ್ಲರೂ ತಲೆದೂಗಿದರು. ಸೊಸೆ ರಾಜ್ಯಲಕ್ಷ್ಮಿ ನನ್ನ ತಲೆಗೆ ಮಲ್ಲಿಗೆ ಮುಡಿಸಿದಳು. ನನ್ನನ್ನು ಮಧ್ಯೆ ಕೂರಿಸಿ ಫೋಟೋ ತೆಗೆದರು. ಹೇಗಿದ್ದೆನೋ ಹಾಗೇ ಇರಬೇಕಲ್ಲ, ಇದ್ದೆ. ಅಳುವುದು ಯಾವಾಗ ಎಂದು ಯಾರೂ ಹೇಳಲಿಲ್ಲ. ರತ್ನಾಚಲ್ ರೈಲು ಹತ್ತಿ ವೈಜಾಗಿಗೆ ವಾಪಸು ಬಂದಾಗ ಅವರ ಅಂಗಿ ಬಚ್ಚಲುಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಈ ಮನೆಯಲ್ಲಿ ಏನೂ ನಡೆದೇ ಇರಲಿಲ್ಲ.

ಸಂಜೆ ಮತ್ತೆ ಮೇಲೆ ಹೋದೆ. ಉಬಾ ಚಂದ್ರನನ್ನು ನೋಡಿ ತಿಂಗಳು ಎಣಿಸುವವಳು. ನಾನು ಅಡುಗೆಮನೆಯ ತೆಲುಗು ಕ್ಯಾಲೆಂಡರು ತೆಗೆದುಕೊಂಡು ಹೋಗಿ ತಿಥಿ ಎಣಿಸಿದೆ. ಇಬ್ಬರದ್ದೂ ಚಂದ್ರನ ಲೆಕ್ಕವೇ ತಾನೆ, ಇಬ್ಬರೂ ಬಂದು ನಿಂತದ್ದು ಒಂದೇ ದಿನಕ್ಕೆ. ಕಾರ್ತಿಕ ಬಹುಳ ದಶಮಿ. ಕ್ಯಾಲೆಂಡರಿನ ಆ ಮನೆಗೆ ಪೆನ್ನಿನಿಂದ ಸುತ್ತು ಹಾಕಿದೆ.

"ಎಡ್ಡೋ, ನಾನು ಯಾವ ಮನೆಯಿಂದಲೂ ಮುಗಿಸಿ ಹೊರಟವಳಲ್ಲ," ಎಂದಳು ಉಬಾ. "ಮೊಗಾದಿಶುವಿನಲ್ಲಿ ಒಲೆ ಮೇಲೆ ಅನ್ನ ಬಿಟ್ಟು ಓಡಿದೆ. ಸನಾದಲ್ಲಿದ್ದಾಗ ಅಮ್ಮ ಸತ್ತ ಸುದ್ದಿ ಬಂತು, ಅಳ್ತಾ ಇರೋವಾಗಲೇ ಬಾಂಬು ಬಿತ್ತು, ಅಲ್ಲಿಂದಲೂ ಓಡಿದೆ. ಇದೊಂದನ್ನ ಪೂರ್ತಿ ಕೂರಬೇಕು. ಈ ಮನೆಯಲ್ಲೇ."

"ಕೂರು. ಯಾರು ಬೇಡ ಅಂದೋರು," ಎಂದೆ. ಬೇಡ ಎನ್ನುವವನು ವಿಜಯವಾಡದಲ್ಲಿದ್ದಾನೆಂದು ಆಗ ನನಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಅವಳು ಪೇಟೆಬೀದಿಗೂ ಹೋಗುವ ಹಾಗಿಲ್ಲವಂತೆ, ಅವಳ ಕೈಚೀಲ ನನ್ನ ಕೈಗೆ ಬಂತು. ಹಾಲು, ಮೀನು, ಗ್ಯಾಸು, ಎಲ್ಲ ನಾನೇ. ಮೀನು ಮುಟ್ಟದ ನಾನು ಗಾಜುವಾಕ ಮಾರ್ಕೆಟ್ಟಿನಲ್ಲಿ ವಂಜರಂ ಮೀನು ಆರಿಸುವುದನ್ನು ಕಲಿತೆ. ಮುಟ್ಟಿದರೂ ಏನೂ ಅನ್ನಿಸುತ್ತಿರಲಿಲ್ಲವಾದ್ದರಿಂದ ಕಷ್ಟವೇನೂ ಆಗಲಿಲ್ಲ. ಬೆಳಿಗ್ಗೆ ಉಬಾ ಬಟ್ಟೆ ಒಣಹಾಕಲು ಟೆರೇಸಿಗೆ ಬಂದರೆ ಸೀತಾಲಕ್ಷ್ಮಿ ಎದುರಿನ ಕಿಟಕಿ ಮುಚ್ಚುತ್ತಿದ್ದಳು. ಎದ್ದ ತಕ್ಷಣ ಬಿಳಿ ಬಟ್ಟೆಯವಳ ಮುಖ ನೋಡಿದರೆ ದಿನವೆಲ್ಲ ಕೆಡುತ್ತದಂತೆ. ನನ್ನ ಮುಖ ನೋಡಿದರೆ ಕೆಡುತ್ತಿರಲಿಲ್ಲ, ನನ್ನ ಹಣೆಯಲ್ಲಿ ಕುಂಕುಮವಿತ್ತು.

ಶ್ರಾವಣ ಕಳೆಯುವ ಹೊತ್ತಿಗೆ ಮಗ ಫೋನು ಮಾಡಿದ. ಅವನು ವಿಜಯವಾಡದ ಪಕ್ಕ ಇಬ್ರಾಹಿಂಪಟ್ನಂ ಥರ್ಮಲ್ ಸ್ಟೇಷನ್ನಿನಲ್ಲಿ ಇಂಜಿನಿಯರು. ಹುಟ್ಟಿದ್ದು ಬೆಳೆದದ್ದೆಲ್ಲ ಆಂಧ್ರದಲ್ಲೇ, ಕನ್ನಡ ನನ್ನೊಬ್ಬಳ ಹತ್ತಿರ ಮಾತಾಡುತ್ತಾನೆ, ಅದೂ ಮಧ್ಯೆ ಮಧ್ಯೆ ಜಾರಿ ತೆಲುಗಿಗೆ ಹೋಗುತ್ತದೆ. ಮನೆಗೆ ಗಿರಾಕಿ ಸಿಕ್ಕಿದ್ದಾರೆ, ಸೂರ್ಯಪ್ರಕಾಶ ಎಂದು, ದೀಪಾವಳಿಗೆ ಮುಂಚೆ ಖಾಲಿ ಮಾಡಿಕೊಟ್ಟರೆ ಕಾರ್ತಿಕದಲ್ಲಿ ಗೃಹಪ್ರವೇಶ ಮಾಡುತ್ತಾರೆ ಎಂದ. ನಾನು ಪಟಮಟಕ್ಕೆ ಹೋಗಿ ಇರುವುದೆಂದು ಹೋದ ವರ್ಷವೇ ತೀರ್ಮಾನವಾಗಿತ್ತು. ನಾನೇ ಹೂಂ ಅಂದಿದ್ದೆ. ಏನು ಕೇಳಿದರೂ ಹೂಂ ಅನ್ನುವ ಕಾಲವದು. ಫೋನಿಟ್ಟು ಕ್ಯಾಲೆಂಡರು ತಿರುವಿದೆ. ನಾನು ಹಾಕಿದ ಸುತ್ತು ದೀಪಾವಳಿಯಿಂದ ಎಷ್ಟೋ ಮುಂದಿತ್ತು.

ಮೊದಲು ಉಬಾಳಿಗೊಂದು ಮನೆ ನೋಡೋಣವೆಂದು ಹೊರಟೆ. ದಿನ ಮುಗಿದ ಮೇಲಾದರೂ ಎಲ್ಲಿಗಾದರೂ ಹೋಗಬೇಕಲ್ಲ. ಕೂರ್ಮನ್ನಪಾಲೆಂ, ಗಾಜುವಾಕ, ವಡ್ಲಪೂಡಿ ಸುತ್ತಿದೆ. ನನ್ನ ಸೀರೆ, ಕುಂಕುಮ ನೋಡಿ ಒಳಗೆ ಕರೆದು ಮಜ್ಜಿಗೆ ಕೊಡುವರು. ಯಾರಿಗಮ್ಮಾ ಮನೆ ಎನ್ನುವರು. ಹೇಳಿದ ಮೇಲೆ ಲೋಟ ಖಾಲಿಯಾಗುವುದನ್ನೇ ಕಾಯುವರು. ಒಬ್ಬ ಮಾತ್ರ ಬಾಗಿಲು ಹಾಕುತ್ತ, "ಅಷ್ಟು ಪ್ರೀತಿಯಿದ್ದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ," ಎಂದ. ಅವನ ಮೇಲೆ ಸಿಟ್ಟು ಬಂದಿರಬೇಕು, ಗೊತ್ತಿಲ್ಲ. ಉಬಾಳಿಗೆ ಹೇಳಿದಾಗ ಅವಳು ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. ಹೈದರಾಬಾದಿನಲ್ಲಿ ಒಂದು ಕೋಣೆಯಲ್ಲಿ ಹತ್ತು ಜನ ಸೊಮಾಲಿ ಹೆಂಗಸರಿದ್ದಾರೆ, ಹನ್ನೊಂದನೆಯವಳಾಗಿ ಹೋಗಬಹುದು ಎಂದಳು. ಆದರೆ ದಿನ ಮುಗಿಯುವ ಮುಂಚೆ ಅಲ್ಲ.

ಪಟಮಟಕ್ಕೆ ಹೋದೆ. ಮಗ ಸ್ಟೇಷನ್ನಿಗೆ ಬಂದಿದ್ದ. ಮನೆಯಲ್ಲಿ ನನಗೆಂದು ಸಿದ್ಧ ಮಾಡಿದ ಕೋಣೆ ತೋರಿಸಿದ, ಒಳಗೇ ಬಾತ್‌ರೂಮು, ಗೋಡೆಗೆ ಟಿವಿ, ಕಿಟಕಿಗೆ ನನಗಿಷ್ಟವೆಂದು ತಿಳಿನೀಲಿ ಪರದೆ. ನಡುಮನೆಯಲ್ಲಿ ನಮ್ಮವರ ಫೋಟೋ, ಅದಕ್ಕೆ ಗಂಧದ ಹಾರ, ಮುಂದೊಂದು ಪುಟ್ಟ ಬಲ್ಬು. ಅದರ ಕೆಳಗೆ ಸೋಫಾ. ಅದು ಆ ಸೋಫಾ ಅಲ್ಲ, ಹೊಸದು.

"ಹಳೇದು ಎಲ್ಲೋ?" ಎಂದೆ.

"ಕೊಟ್ಬಿಟ್ವಮ್ಮಾ," ಎಂದ, ನನ್ನ ಮುಖ ನೋಡದೆ.

ಊಟವಾದ ಮೇಲೆ ವಿಷಯ ತೆಗೆದೆ. ಅವನು ತಾಳ್ಮೆಯಿಂದಲೇ ಕೇಳಿದ. ಒಳ್ಳೆಯ ಮಗ, ಅದರಲ್ಲಿ ಎರಡು ಮಾತಿಲ್ಲ.

"ಆಕೆ ನಮಗೇನಾಗಬೇಕಮ್ಮಾ?"

"ಏನೂ ಆಗಬೇಕಿಲ್ಲ. ಅವಳ ದಿನ ಮುಗೀಲಿ ಅಂತಿದೀನಿ."

"ಸೂರ್ಯಪ್ರಕಾಶ್ ಗಾರು ಕಾರ್ತಿಕದಲ್ಲೇ ಬೇಕು ಅಂತಿದ್ದಾರೆ. ಅದೂ ಅಲ್ಲದೆ, ಆ ಬಿಳಿ ಬಟ್ಟೆ, ಮೂಲೇಲಿ ಕೂರೋದು, ಅದೆಲ್ಲ ನಮ್ಮನೇಲಿ ಎಂದುಕಮ್ಮಾ, ಯಾಕೆ? ನೀನು ದಿನಾ ಅದನ್ನ ನೋಡ್ಕೊಂಡು ಇರೋದು ನನಗಿಷ್ಟ ಇಲ್ಲ. ನಿನ್ನನ್ನ ಅದರಿಂದ ತಪ್ಪಿಸಬೇಕು ಅಂತಲೇ ಅಲ್ವಾ ನಾನು ಅಷ್ಟು ಜನರ ಎದುರು ನಿಂತಿದ್ದು?"

"ಹೂಂ. ನಿಂತಿದ್ದೆ."

ನಾನು ಹಟ ಹಿಡಿಯಲಿಲ್ಲ, ಎದ್ದೂ ಹೋಗಲಿಲ್ಲ. ಸುಮ್ಮನೆ ಕೂತೆ. ಎರಡು ದಿನ ಹಾಗೇ ಕೂತೆ, ಆ ಹೊಸ ಸೋಫಾದ ಮೇಲೆ. ಕಡೆಗೆ ರಾಜ್ಯಲಕ್ಷ್ಮಿಯೇ ಗಂಡನಿಗೆ ಹೇಳಿದಳು, ಅತ್ತಯ್ಯ ಇದುವರೆಗೆ ನಿಮ್ಮನ್ನು ಒಂದನ್ನೂ ಕೇಳಿಲ್ಲ, ಕೊಟ್ಟುಬಿಡಿ ಎಂದು. ಅವನು ಸೂರ್ಯಪ್ರಕಾಶರನ್ನು ಒಪ್ಪಿಸಿದ. ಗೃಹಪ್ರವೇಶ ಮಾರ್ಗಶಿರಕ್ಕೆ ಹೋಯಿತು. ಬಹುಳ ದಶಮಿಯ ಮಾರನೆಯ ಬೆಳಿಗ್ಗೆ ಅವರನ್ನೇ ಕರೆದುಕೊಂಡು ಬರುತ್ತೇನೆ, ಕೀ ಕೊಟ್ಟು ನನ್ನ ಜೊತೆಗೇ ಹೊರಡಬೇಕು ಎಂದ. ಹೂಂ ಎಂದೆ.

ದಶಮಿ ಬಂತು. ಅವಳ ಸಾಮಾನು ಎರಡು ಚೀಲ, ನನ್ನದು ಏಳು ರಟ್ಟಿನ ಪೆಟ್ಟಿಗೆ, ಎಲ್ಲ ಕೆಳಗಿನ ನಡುಮನೆಯಲ್ಲಿ ಕೂತಿದ್ದವು. ಬರಬೇಕಾದ ಹೆಂಗಸರು ಯಾರೂ ಇರಲಿಲ್ಲ. ಹೈದರಾಬಾದಿನವರಲ್ಲಿ ಒಬ್ಬಳಿಗೆ ಹೆರಿಗೆ, ಉಳಿದವರು ಅವಳ ಹತ್ತಿರ. ಸೀತಾಲಕ್ಷ್ಮಿಯನ್ನು ಕರೆದೆ. ಮುತ್ತೈದೆಯಾದ ತನ್ನನ್ನು ಇದಕ್ಕೆಲ್ಲ ಕರೆಯುವುದೇ ಎಂದು ಮುಖ ಸಿಂಡರಿಸಿದಳು. ಸರಿ, ನಾನೊಬ್ಬಳೇ ಸಾಕು ಎಂದು ಎಣ್ಣೆ ಬಿಸಿ ಮಾಡಿಕೊಂಡು ಮೇಲೆ ಹೋದೆ.

ಅವರಲ್ಲಿ ಹೇಗೆ ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣುಮಗಳು ಎದ್ದು ಓಡಾಡುವ ಹಾಗಾದಾಗ ಹೇಗೆ ನೀರು ಹಾಕುತ್ತಾರೋ ಹಾಗೇ ಹಾಕಿದೆ. ನೆತ್ತಿಗೆ ಎಣ್ಣೆ ತಟ್ಟಿದೆ, ಸೀಗೆಪುಡಿ ಉಜ್ಜಿದೆ, ಗೀಸರಿನ ನೀರನ್ನು ಚೊಂಬು ಚೊಂಬಾಗಿ ಹುಯ್ದೆ. ಆ ಸುರುಳಿ ಕೂದಲು ಎಷ್ಟು ಎಣ್ಣೆ ಕುಡಿಯಿತೋ. ಹೊರಗೆ ಬಂದು ಅವಳು ಮಣ್ಣಿನ ಪುಟ್ಟ ಒಲೆಯಲ್ಲಿ ಕೆಂಡ ಹಾಕಿ, ಅವರ ದೇಶದ ಧೂಪ ಉದುರಿಸಿದಳು. ನಾಲ್ಕು ತಿಂಗಳಿಂದ ಮುಚ್ಚಿಟ್ಟಿದ್ದ ಡಬ್ಬಿ. ಹೊಗೆಯ ಮೇಲೆ ಕೂದಲು ಹರವಿ ಕೂತಳು. ನಾನು ಬಾಣಂತಿಯಾಗಿದ್ದಾಗ ಅಮ್ಮ ಸಾಂಬ್ರಾಣಿ ಹಾಕಿ ನನ್ನ ಕೂದಲನ್ನು ಹೀಗೇ ಕಾಯಿಸುತ್ತಿದ್ದಳು. ಹಸಿರು ಮಂಗಳಗಿರಿ ಸೀರೆ ಕೊಟ್ಟೆ. ಈ ಸಲ ಇಸಿದುಕೊಂಡಳು. ನಮ್ಮ ಹಾಗೆ ನಿರಿಗೆ ಹಿಡಿಯದೆ, ಅವರ ರೀತಿಯಲ್ಲಿ ಸುತ್ತಿ ಒಂದು ಭುಜದ ಮೇಲೆ ಗಂಟು ಹಾಕಿಕೊಂಡಳು. ಕನ್ನಡಿ ನೋಡಿಕೊಂಡಳು. ಆಮೇಲೆ ಅತ್ತಳು, ದೊಡ್ಡ ದನಿ ತೆಗೆದು, ಗುಲೇದನ ಹೆಸರು ಹಿಡಿದು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, ಹಸಿವು ಎಂದಳು. ಅನ್ನದ ಜೊತೆ ಬಾಳೆಹಣ್ಣು ಕಲಸಿಕೊಂಡು ಮೂರು ಸಲ ಬಡಿಸಿಕೊಂಡಳು.

ನಾನು ನೋಡುತ್ತ ಕೂತಿದ್ದೆ. ಆಗ ನನಗೆ ಒಂದು ಅನ್ನಿಸಿತು, ಎಷ್ಟೋ ಕಾಲದ ಮೇಲೆ. ಹೊಟ್ಟೆಕಿಚ್ಚು.

ಬಿಳಿ ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿದ್ದಳು. ಸಂಜೆಗೆ ಒಣಗಿತ್ತು. ಅದನ್ನು ತೆಗೆದು ಮಡಿಸುತ್ತಿದ್ದವಳಿಗೆ ಹೇಳಿದೆ, "ಅದನ್ನ ನನಗೆ ಕೊಡು."

"ಇದು ಕೊಡೋ ಬಟ್ಟೆಯಲ್ಲ ಎಡ್ಡೋ."

"ಗೊತ್ತು, ಕೊಡು."

ಅವಳು ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. "ನೀವು ನಮ್ಮವರಲ್ಲ. ಅದೂ ಅಲ್ಲದೆ ದಿನ ಎಣಿಸೋದು ಸತ್ತ ದಿನದಿಂದ. ನಿಮ್ಮದು ಯಾವತ್ತೋ ಮುಗಿದುಹೋಗಿದೆ. ನಮ್ಮ ನಿಯಮದಲ್ಲಿ ಹೀಗೆಲ್ಲ ಇಲ್ಲ."

"ನಿನ್ನ ನಿಯಮ ಯಾರು ಕೇಳಿದ್ರು? ನಾನು ಕೇಳಿದ್ದು ಬಟ್ಟೆ," ಎಂದೆ. ದನಿ ಏರಿತ್ತು. "ಉಡದೇ ಇದ್ರೆ ಬಿಚ್ಚೋದು ಏನನ್ನ ಅಂತ ಅವತ್ತು ನೀನೇ ಕೇಳಿದ್ದು. ಈಗ ನಾನು ಕೇಳ್ತಿದೀನಿ."

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಈ ಸಲ ಆ ನೋಟಕ್ಕೆ ನಾನು ಎದ್ದು ಹೋಗಲಿಲ್ಲ. ಬಟ್ಟೆಯನ್ನು ನನ್ನ ಕೈಗಿಟ್ಟು, ಕೆಳಗೆ ಹೋಗಿ ಕ್ಯಾಲೆಂಡರು ತೆಗೆದುಕೊಂಡು ಬಂದಳು.

ಮಾರನೆಯ ಬೆಳಿಗ್ಗೆ ಕಾರು ಬಂದಾಗ ಬಾಗಿಲು ತೆಗೆದದ್ದು ನಾನೇ. ಹಣೆ ಬರಿದು, ಕೈ ಬರಿದು, ಬಿಳಿ ಬಟ್ಟೆ ತಲೆಯ ಮೇಲೆ ಹೊದ್ದು ಹೊಸ್ತಿಲಲ್ಲಿ ನಿಂತಿದ್ದೆ. ಸೂರ್ಯಪ್ರಕಾಶರು ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಬಲಗಾಲು ಇಟ್ಟವರು ನನ್ನನ್ನು ನೋಡಿ, ಆ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬರುತ್ತೇನಂಡಿ ಎಂದು ಏನೋ ಗೊಣಗಿ ಕಾರಿನಲ್ಲಿ ಹೋಗಿ ಕೂತರು. ಇನ್ನು ಅವರು ಬರುವವರಲ್ಲವೆಂದು ಅವರ ಬೆನ್ನೇ ಹೇಳುತ್ತಿತ್ತು.

ಶ್ರೀವತ್ಸನ ಮುಖ ಕೆಂಪಾಯಿತು. "ಅಮ್ಮಾ! ಏನಿದು? ಯಾರು ಮಾಡಿದ್ದು ನಿನಗೆ ಹೀಗೆ? ಆಕೆನಾ?"

"ನಿಮ್ಮಪ್ಪ ಸತ್ತಿದ್ದಾರೆ ಕಣೋ," ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೋದರು, ಇಲ್ಲವಾದರು, ಹಾಗೆ ಆಯಿತು, ಇಷ್ಟೇ ಹೇಳುತ್ತ ಬಂದಿದ್ದೆ. ನಾಲಗೆಗೆ ಕಹಿ ತಾಗಿತು.

"ಅಮ್ಮಾ, ಎರಡು ವರ್ಷ ಆಗ್ತಾ ಬಂತು."

"ಆಗಿರಬಹುದು. ನನಗೆ ಯಾರೂ ಹೇಳಿರಲಿಲ್ಲ."

ಅವನು ಹೊಸ್ತಿಲಾಚೆ ಇಣುಕಿದ. ಒಳಗೆ ಕಟ್ಟಿಟ್ಟ ಪೆಟ್ಟಿಗೆಗಳನ್ನು ನೋಡಿದ. ನಾನು ಹೇಳಬೇಕಾದ್ದನ್ನು ಹೇಳಿದೆ. "ನಾಲ್ಕು ತಿಂಗಳು ಹತ್ತು ದಿನ ನಾನು ಈ ಮನೆ ಬಿಟ್ಟು ಬೇರೆಲ್ಲೂ ಮಲಗಲ್ಲ. ಯುಗಾದಿ ಕಳೆದು, ರಾಮನವಮಿ ಒಳಗೆ ಮುಗಿಯುತ್ತೆ. ಅವತ್ತು ಉಬಾ ನೀರು ಹಾಕ್ತಾಳೆ. ನೀನು ಬಂದು ಸೀರೆ ಕೊಡು. ಆಮೇಲೆ ಎಲ್ಲಿಗೆ ಕರೀತೀಯೋ ಕರಿ, ಯೋಚನೆ ಮಾಡ್ತೀನಿ."

"ಅಲ್ಲೀವರೆಗೂ ಆಕೆ ಎಲ್ಲಿರ್ತಾಳೆ?"

"ಮೇಲೆ. ಮತ್ತೆಲ್ಲಿರ್ತಾಳೆ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ನೆತ್ತಿಯಲ್ಲಿ ಕೂದಲು ತೆಳುವಾಗಿದ್ದದ್ದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು, ಅಪ್ಪನಿಗೂ ಅಲ್ಲೇ ಮೊದಲು ಹೋದದ್ದು. ನಾನೂ ಹೊಸ್ತಿಲ ಮೇಲೆ ಕೂತೆ.

"ಆ ಸೋಫಾ ಯಾಕೋ ಕೊಟ್ಟೆ?" ಎಂದೆ.

"ನೋಡೋಕಾಗ್ತಿರಲಿಲ್ಲಮ್ಮಾ." ಅವನ ದನಿ ಒಡೆಯಿತು. "ಆಫೀಸಿಂದ ಬಂದು ದೀಪ ಹಾಕಿದರೆ ನಾನ್ನ ಅಲ್ಲೇ ಕೂತಿರ್ತಾರೆ ಅನ್ಸೋದು. ನಾನು ಅತ್ತರೆ ನೀನು ಬಿದ್ದುಹೋಗ್ತೀಯೇನೋ ಅಂತ..." ಅಪ್ಪ ಎನ್ನಲು ಹೋಗಿ ತೆಲುಗಿನ ನಾನ್ನ ಎಂದಿದ್ದ. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಹಾಗೇ ಕೂಗುತ್ತಿದ್ದ. ನಲವತ್ತರ ಗಂಡಸು, ಬೀದಿಗೆ ಕಾಣುವ ಹಾಗೆ, ನನ್ನ ಮಡಿಲಿನ ಬಿಳಿ ಬಟ್ಟೆಗೆ ಮುಖ ಒತ್ತಿ ಅತ್ತ. ಅವನ ಬೆನ್ನಿನ ಮೇಲೆ ಕೈಯಿಟ್ಟೆ, ಬಿಸಿಯಾಗಿತ್ತು. ನನಗೂ ಅಳು ಬಂತು. ತಡೆಯಲಿಲ್ಲ.

ಎಷ್ಟು ಹೊತ್ತಾಯಿತೋ. ಉಬಾ ಮೇಲಿನಿಂದ ಇಳಿದು ಬಂದಳು, ಹಸಿರು ಸೀರೆಯನ್ನು ಭುಜಕ್ಕೆ ಗಂಟು ಹಾಕಿಕೊಂಡು. ನಮ್ಮಿಬ್ಬರನ್ನು ದಾಟುವಾಗ ಸೆರಗು ತಾಗದ ಹಾಗೆ ಹಿಡಿದುಕೊಂಡಳು. ನಾಲ್ಕು ತಿಂಗಳು ನಾನು ಹೊತ್ತ ಕೈಚೀಲ ಅವಳ ಕೈಯಲ್ಲಿತ್ತು. ಗೇಟಿನ ಹತ್ತಿರ ತಿರುಗಿ ನಿಂತಳು.

"ಏನು ತರಬೇಕು, ಎಡ್ಡೋ?"

ಮೂಗು ಒರೆಸಿಕೊಂಡು ಹೇಳಿದೆ, "ಹಾಲು. ಒಂದು ಪ್ಯಾಕೆಟ್ ಜಾಸ್ತಿ ತಾ, ಇವನು ಕಾಫಿ ಕುಡೀತಾನೆ."